ಜೋಡಿರೆಕ್ಕೆಯ ವಿಮಾನವೂ ವಿದ್ಯಾಪರಂಪರೆಯೂ

ವಿಮಾನಗಳ ಇತಿಹಾಸವೆಂದರೆ ಕಾಳಗದ ವಿಮಾನಗಳ ಇತಿಹಾಸವೆಂದೇ ಸಾಮಾನ್ಯರ ಭಾವನೆ. ಯಾವ ದೇಶದ ವಿಮಾನ ಎಷ್ಟು ವೇಗದಿಂದ ಹಾರಿತು, ಯಾವ ಯುದ್ಧದಲ್ಲಿ ಎಷ್ಟು ಬಾಂಬುಗಳನ್ನು ಸುರಿಸಿತು ಎಂಬ ವಿವರಗಳೇ ಗ್ರಂಥಗಳನ್ನು ತುಂಬಿವೆ. ಆ ವೈಮಾನಿಕನು ಮೊಟ್ಟಮೊದಲು ಯಾವ ವಿಮಾನದಲ್ಲಿ ಕುಳಿತು ಹಾರುವುದನ್ನು ಕಲಿತನು, ಆ ವಿಮಾನವನ್ನು ಮಾಡಿದವರು ಯಾರು ಎಂದು ಕೇಳುವವರು ಕಡಮೆ. ಉಪಾಧ್ಯಾಯರಾದ ನಮಗೆ ಈ ಪ್ರಶ್ನೆಯೇ ಮುಖ್ಯವಾದುದು. ಒಂದು ದೇಶದ ವಿದ್ಯೆಯನ್ನು ಅಳೆಯಬೇಕಾದರೆ ಅದರ ಪಂಡಿತರ ಸಂಖ್ಯೆಗಿಂತ ಅದರ ಪ್ರಾಥಮಿಕ ಶಾಲೆಯನ್ನು ನೋಡುವುದು ಲೇಸು. ವಿಮಾನವಿದ್ಯೆಯಲ್ಲಿ ಆ ಪ್ರಾಥಮಿಕ ಶಾಲೆಯೇ ತರಬೇತಿ ವಿಮಾನ. ಎರಡು ಮಹಾಯುದ್ಧಗಳ ನಡುವಣ ರುಮೇನಿಯ ದೇಶವನ್ನೂ ನಮ್ಮ ನೆರೆಯ ಬೆಂಗಳೂರನ್ನೂ ಒಟ್ಟಿಗೆ ಇಟ್ಟು ನೋಡಿ, ಈ ಮಾತನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಕಾಲದ ತರಬೇತಿ ವಿಮಾನಗಳಲ್ಲಿ ಹೆಚ್ಚಿನವು ಒಂದರ ಮೇಲೊಂದು ಎರಡು ರೆಕ್ಕೆಗಳಿದ್ದವು. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಮಾಡಿದ ಉದ್ದನೆಯ ಒಂಟಿ ರೆಕ್ಕೆ ಗಾಳಿಯ ಒತ್ತಡಕ್ಕೆ ಬಾಗಿ ಮುರಿಯುವ ಭಯವಿತ್ತು. ಗಿಡ್ಡನೆಯ ಎರಡು ರೆಕ್ಕೆಗಳನ್ನು ಮೇಲೆ ಕೆಳಗೆ ಇರಿಸಿ, ನಡುವೆ ಕಂಬಗಳನ್ನು ನಿಲ್ಲಿಸಿ, ಮೂಲೆಯಿಂದ ಮೂಲೆಗೆ ತಂತಿ ಬಿಗಿದರೆ ಕಡಮೆ ತೂಕದಲ್ಲಿ ಗಟ್ಟಿಯಾದ ರಚನೆ ದೊರೆಯುತ್ತಿತ್ತು. ರೆಕ್ಕೆಯ ಒಟ್ಟು ವಿಸ್ತಾರ ಹೆಚ್ಚಾದುದರಿಂದ ವಿಮಾನ ನಿಧಾನವಾಗಿಯೂ ಹಾರಬಲ್ಲುದಾಗಿತ್ತು, ಚಿಕ್ಕ ಬಯಲಿನಲ್ಲಿಯೂ ಇಳಿಯಬಲ್ಲುದಾಗಿತ್ತು. ಕಂಬ ತಂತಿಗಳು ಗಾಳಿಯನ್ನು ತಡೆದು ವೇಗವನ್ನು ಕುಂದಿಸುವುದೇ ಇದರ ದೋಷ. ಕಾಳಗಕ್ಕೆ ಇದು ದೋಷವಾದರೂ ಕಲಿಯುವವನಿಗೆ ಗುಣವೇ ಆಯಿತು. ನಿಧಾನವಾಗಿ ಹೋಗುವ ಯಂತ್ರ ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಡುತ್ತದೆ.

ಇಂಥ ವಿಮಾನದಲ್ಲಿ ಹಿಂದೊಂದು ಮುಂದೊಂದು ಎರಡು ಆಸನಗಳು, ಗುರುವಿಗೊಂದು, ಶಿಷ್ಯನಿಗೊಂದು. ಇಬ್ಬರ ಮುಂದೆಯೂ ಕೈಯ ದಂಡ, ಇಬ್ಬರ ಕಾಲಿಗೂ ಪೆಡಲು. ಒಬ್ಬನು ಅಲ್ಲಾಡಿಸಿದರೆ ಇನ್ನೊಬ್ಬನದೂ ಅಲ್ಲಾಡುವಂತೆ ಅವು ಜೋಡಿಸಲ್ಪಟ್ಟಿದ್ದವು. ಶಿಷ್ಯನು ತಪ್ಪಿದರೆ ಗುರುವೂ ಅವನೊಡನೆಯೇ ಬೀಳುವನು! ೧೯೧೭ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಎಂಬಲ್ಲಿ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಈ ಬೋಧನೆಗೊಂದು ಕ್ರಮವನ್ನು ಹಾಕಿಕೊಟ್ಟನು. ಅಪಾಯದ ಸನ್ನಿವೇಶಗಳಿಂದ ವಿದ್ಯಾರ್ಥಿಯನ್ನು ದೂರವಿಡಬಾರದು. ಗುರುವಿನ ಸಮಕ್ಷಮದಲ್ಲಿ ಅವುಗಳಲ್ಲಿ ಇಳಿಸಿ, ಪಾರಾಗುವ ಬಗೆಯನ್ನು ಕಲಿಸಬೇಕು ಎಂಬುದು ಅವನ ಸೂತ್ರ. ಗಾಳಿಯ ಮೊರೆತದ ನಡುವೆ ಗುರು ಶಿಷ್ಯರು ಮಾತಾಡಲು ಬಳಸುತ್ತಿದ್ದ ಕೊಳವೆಗೆ ಇಂದಿಗೂ ಆ ಊರಿನ ಹೆಸರೇ ಉಳಿದಿದೆ. ಬೋಧನಶಾಸ್ತ್ರವನ್ನು ಓದಿದ ನಮ್ಮ ಸಹೋದ್ಯೋಗಿಗಳಿಗೆ ಈ ಸೂತ್ರದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ರುಮೇನಿಯದ ಕಡೆ ನೋಡೋಣ. ೧೯೧೮ರಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ಟ್ರಾನ್ಸಿಲ್ವೇನಿಯ ಪ್ರಾಂತ ರುಮೇನಿಯಕ್ಕೆ ಸೇರಿತು. ಅದುವರೆಗೆ ಆಸ್ಟ್ರಿಯ-ಹಂಗೆರಿಯ ಆಳ್ವಿಕೆಯಲ್ಲಿದ್ದ ಅರಾದ್, ಬ್ರಾಶೋವ್ ನಗರಗಳು ಹೊಸ ರಾಜ್ಯಕ್ಕೆ ಬಂದವು. ಬ್ರಾಶೋವ್‌ನಲ್ಲಿ ರುಮೇನಿಯನ್, ಹಂಗೇರಿಯನ್, ಜರ್ಮನ್ ಭಾಷೆಗಳು ಬೀದಿಬೀದಿಗಳಲ್ಲಿ ಬೆರೆತಿದ್ದವು. ಅರಾದ್ ಅಂತೂ ಹಂಗೆರಿಯ ಗಡಿಗೆ ಹತ್ತಿರದ ಊರು. ಗಡಿನಾಡಿನ ನಮಗೆ ಅಂಥ ಊರುಗಳ ಸ್ಥಿತಿ ಅಪರಿಚಿತವಲ್ಲ. ಆ ಹೊಸ ದೇಶ ತನ್ನ ವಿಮಾನಗಳನ್ನು ತಾನೇ ಮಾಡಿಕೊಳ್ಳಲು ನಿಶ್ಚಯಿಸಿದಾಗ ಕೈಹಾಕಿದ ಮೊದಲ ಕೆಲಸಗಳಲ್ಲಿ ತರಬೇತಿ ವಿಮಾನವೂ ಒಂದು. ೧೯೨೨ರಲ್ಲಿ ಪ್ರೋಟೋಪೋಪೆಸ್ಕು, ಬಾಜಿಲಿಯು ಎಂಬಿಬ್ಬರು 'ಪ್ರೋಟೋ-೧' ಎಂಬ ಜೋಡಿರೆಕ್ಕೆಯ ವಿಮಾನವನ್ನು ರಚಿಸಿದರು. ಮರುವರ್ಷ ಅರಾದ್ ನಗರದ ಆಸ್ಟ್ರ ಕಾರ್ಖಾನೆ ವಿಮಾನದ ಕೆಲಸಕ್ಕೆ ತೊಡಗಿತು. ಅದೇ ೧೯೨೩ರಲ್ಲಿ ರಾಜಧಾನಿ ಬುಕಾರೆಸ್ಟಿನಲ್ಲಿ 'ಸೆಟ್' ಎಂಬ ಸಂಸ್ಥೆ ಹುಟ್ಟಿತು. ಗ್ರಿಗೋರೆ ಜಾಮ್ಫಿರೆಸ್ಕು ಎಂಬ ಶಿಲ್ಪಿಯ ಕೈಯಿಂದ ಅಲ್ಲಿ 'ಸೆಟ್-೩', 'ಸೆಟ್-೭' ಮೊದಲಾದ ಜೋಡಿರೆಕ್ಕೆಯ ವಿಮಾನಗಳು ಹೊರಬಂದವು.

೧೯೨೫ರಲ್ಲಿ ಬ್ರಾಶೋವ್ ನಗರದಲ್ಲಿ 'ಇ.ಎ.ಆರ್.' ಕಾರ್ಖಾನೆಯನ್ನು ರುಮೇನಿಯ ಸರ್ಕಾರ ಫ್ರಾನ್ಸಿನ ಎರಡು ಕಂಪೆನಿಗಳ ಸಹಭಾಗದಲ್ಲಿ ಸ್ಥಾಪಿಸಿತು. ಮೊದಲು ಪರವಾನಗಿ ಪಡೆದು ಫ್ರಾನ್ಸಿನ 'ಪೊತೇಜ್-೨೫' ಎಂಬ ಜೋಡಿರೆಕ್ಕೆಯ ಸೈನ್ಯವಿಮಾನವನ್ನು ಮಾಡಿ ಕೈ ಪಳಗಿಸಿಕೊಂಡರು. ಒಂದು ದಶಕದೊಳಗೆ 'ಇ.ಎ.ಆರ್.-೩೭' ಎಂಬ ಸ್ವಂತ ರಚನೆಗೆ ಕೈಯಿಟ್ಟರು. ಇತ್ತ ಶಾಲೆಗಳಿಗಾಗಿ ಅಮೆರಿಕದ 'ಫ್ಲೀಟ್' ಮಾದರಿಯ ತರಬೇತಿ ವಿಮಾನವನ್ನು ೧೯೩೬ರ ಸುಮಾರಿನಿಂದ ಅಲ್ಲಿಯ ಕಾರ್ಖಾನೆಗಳೇ ತಯಾರಿಸಿದವು. ಅನುಕರಣ, ಅಭ್ಯಾಸ, ಬಳಿಕ ಸ್ವತಂತ್ರ ರಚನೆ ಎಂಬ ಮೂರು ಮೆಟ್ಟಿಲುಗಳನ್ನು ಆ ದೇಶ ಹದಿನೈದು ವರ್ಷಗಳಲ್ಲಿ ಏರಿತು. ಹುಡುಗನಿಗೆ ಮೊದಲು ತಿದ್ದಿಸುವುದು, ಅನಂತರ ನೋಡಿ ಬರೆಯಿಸುವುದು, ಕಡೆಗೆ ಸ್ವಂತವಾಗಿ ಬರೆಯಿಸುವುದು ಎಂಬ ನಮ್ಮ ಕ್ರಮವೂ ಇದೇ ಅಲ್ಲವೇ?

ಪರಂತು ಏರಿದ ಮೆಟ್ಟಿಲಿನ ಮೇಲೆ ನಿಲ್ಲುವುದು ಸುಲಭವಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರುಮೇನಿಯ ಜರ್ಮನಿಯ ಪಕ್ಷ ವಹಿಸಿತು. ೧೯೪೪ರಲ್ಲಿ ಬ್ರಾಶೋವ್ ಕಾರ್ಖಾನೆಯ ಮೇಲೆ ಬಾಂಬುಗಳು ಬಿದ್ದವು. ಯುದ್ಧಾನಂತರ ಅದೇ ಕಾರ್ಖಾನೆಯಲ್ಲಿ ಟ್ರಾಕ್ಟರುಗಳು ತಯಾರಾಗತೊಡಗಿದವು. ಹೊಲಕ್ಕೆ ಅದರಿಂದ ಒಳಿತೇ ಆಯಿತೆನ್ನಬೇಕು. ಆದರೆ ವಿಮಾನದ ಕೆಲಸ ಸಣ್ಣ ಪ್ರಮಾಣದಲ್ಲಿ ಮಾತ್ರ ಉಳಿದು, ಅದು ಆ ನಗರದಲ್ಲಿ ದೊಡ್ಡದಾಗಿ ಮತ್ತೆ ತಲೆಯೆತ್ತಲು ೧೯೬೮ರವರೆಗೆ ಕಾಯಬೇಕಾಯಿತು.

ಅದೇ ಕಾಲದಲ್ಲಿ ನಮ್ಮ ಸೀಮೆಯ ಸ್ಥಿತಿ ಹೇಗಿತ್ತು? ೧೯೩೨ರ ಅಕ್ಟೋಬರ್ ತಿಂಗಳಲ್ಲಿ ಟಾಟಾರವರ ಪ್ರಥಮ ಅಂಚೆವಿಮಾನ ಕರಾಚಿಯಿಂದ ಹೊರಟು ಅಹಮದಾಬಾದು, ಮುಂಬಯಿ, ಬಳ್ಳಾರಿಗಳ ಮೂಲಕ ಮದರಾಸನ್ನು ಸೇರಿತು. ಕರಾಚಿಯಿಂದ ಮುಂಬಯಿಗೆ ಜೆ.ಆರ್.ಡಿ. ಟಾಟಾರವರೇ ಹಾರಿಸಿದರು, ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಹಾರಿಸಿದರು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಎಂದಮೇಲೆ ಭಾರತದ ವಿಮಾನಯಾನ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮ ಜಿಲ್ಲೆಯ ಹೆಸರಿದೆಯೆಂದು ಮಕ್ಕಳಿಗೆ ಧಾರಾಳವಾಗಿ ಹೇಳಬಹುದು. ಅದೇ ತಿಂಗಳ ೮ರಂದು ಭಾರತೀಯ ವಾಯುಸೇನೆ ಸ್ಥಾಪಿತವಾಯಿತು. ೧೯೩೩ರ ಏಪ್ರಿಲ್ ೧ರಂದು ಕರಾಚಿಯಲ್ಲಿ ಅದರ ಮೊದಲ ದಳ ಕಾರ್ಯಾರಂಭ ಮಾಡಿದಾಗ ಕೈಯಲ್ಲಿದ್ದುವು ನಾಲ್ಕೇ 'ವಾಪಿಟಿ' ವಿಮಾನಗಳು. ಅವೂ ಜೋಡಿರೆಕ್ಕೆಯವು, ಇಂಗ್ಲೆಂಡಿನಲ್ಲಿ ಮಾಡಿದುವು. ಅವುಗಳ ಭಾರತೀಯ ವೈಮಾನಿಕರು ತರಬೇತು ಪಡೆದುದು ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ. ಮದರಾಸು ಮೊದಲಾದ ಕಡೆಗಳ ಹಾರಾಟದ ಕ್ಲಬ್ಬುಗಳಲ್ಲಿ ಕಲಿಯುವವರಿಗೂ ಇಂಗ್ಲಿಷರ 'ಮಾತ್' ವಿಮಾನಗಳೇ ಗತಿ. ರುಮೇನಿಯದ ತರುಣನಿಗೆ ತನ್ನ ದೇಶದಲ್ಲಿಯೇ ತಯಾರಾದ ವಿಮಾನದಲ್ಲಿ ಪಾಠವಾಗುತ್ತಿದ್ದ ಕಾಲದಲ್ಲಿ ನಮ್ಮ ದೇಶದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. ಬುದ್ಧಿಯ ಅಭಾವ ಇದಕ್ಕೆ ಕಾರಣವಲ್ಲ, ಪರಾಧೀನತೆಯೇ ಕಾರಣ.

ಈ ಕೊರತೆ ನೀಗಿದ್ದು ಮೈಸೂರು ಸಂಸ್ಥಾನದಲ್ಲಿ. ಹಡಗಿನ ಉದ್ಯಮದಲ್ಲಿ ಹೆಸರಾಗಿದ್ದ ವಾಲ್‌ಚಂದ್ ಹೀರಾಚಂದರು ೧೯೩೯ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ, ಚೀನದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ಪಾಲಿಯವರನ್ನು ಸಂಧಿಸಿದರು. ಅದರ ಫಲವಾಗಿ ೧೯೪೦ರ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ನೋಂದಣಿಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್‌ರವರ ಕಾಲದ ಮೈಸೂರು ಸರ್ಕಾರ ಭೂಮಿಯನ್ನು ಕೊಟ್ಟಿತು, ೨೫ ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. ಶಿವನಸಮುದ್ರದ ವಿದ್ಯುತ್ತು, ಟಾಟಾ ವಿಜ್ಞಾನ ಮಂದಿರದ ವಿದ್ವತ್ತು, ಹಿತವಾದ ಹವೆ ಈ ಮೂರೂ ಬೆಂಗಳೂರಿನಲ್ಲಿ ಒದಗಿದ್ದುವು. ಈ ಕಾರ್ಖಾನೆಯಿಂದ ೧೯೪೧ರಲ್ಲಿ ಮೊಟ್ಟಮೊದಲು ಹೊರಬಂದುದೂ 'ಹಾರ್ಲೋ' ಎಂಬ ತರಬೇತಿ ವಿಮಾನವೇ ಎಂಬುದನ್ನು ವಾಚಕರು ಗಮನಿಸಬೇಕು. ಇದು ಅಮೆರಿಕದ ರಚನೆ, ಒಂಟಿರೆಕ್ಕೆಯದು, ಇಲ್ಲಿ ಜೋಡಿಸಲ್ಪಟ್ಟಿತು. ೧೯೪೨ರಲ್ಲಿ ಆಡಳಿತ ಭಾರತ ಸರ್ಕಾರದ ಕೈಸೇರಿತು. ಯುದ್ಧ ಮುಗಿಯುವವರೆಗೆ ವಿಮಾನಗಳ ದುರಸ್ತಿಯೇ ಮುಖ್ಯ ಕೆಲಸವಾಯಿತು. ಆ ದುರಸ್ತಿಯಲ್ಲಿ ಸಾವಿರಾರು ಮಂದಿ ಕೆಲಸಗಾರರು ನುರಿತರು.

ಯುದ್ಧ ಮುಗಿದೊಡನೆ ಬ್ರಾಶೋವ್‌ನ ಇಕ್ಕಟ್ಟು ಬೆಂಗಳೂರಿಗೂ ಬಂದಿತು. ಕೆಲಸ ಕಡಮೆಯಾಯಿತು, ಕೈಗಳು ಹೆಚ್ಚಾದವು. ಆಗ ಕಾರ್ಖಾನೆ ರೈಲ್ವೆಯ ಡಬ್ಬಿಗಳನ್ನು ಮಾಡಲು ತೊಡಗಿತು. ಆದರೆ ವಿಮಾನದ ಕೆಲಸವನ್ನು ಬಿಡಲಿಲ್ಲ. ಒಂದು ಕೈಯಲ್ಲಿ ರೈಲುಡಬ್ಬಿ, ಇನ್ನೊಂದು ಕೈಯಲ್ಲಿ ವಿಮಾನ ಎಂಬಂತೆ ನಡೆದುದರಿಂದ ಕಲಿತ ಕೈಗಳು ಚದುರಲಿಲ್ಲ. ಎರಡು ಕಾರ್ಖಾನೆಗಳ ಚರಿತ್ರೆ ಇಲ್ಲಿಯೇ ಕವಲೊಡೆಯುತ್ತದೆ.

ಅಂದು ನಮ್ಮ ವಾಯುಸೇನೆಯ ಎಳೆಯರು ಏರುತ್ತಿದ್ದುದು 'ಟೈಗರ್ ಮಾತ್' ಎಂಬ ವಿಮಾನವನ್ನು. ೧೯೩೧ರಲ್ಲಿ ಇಂಗ್ಲೆಂಡಿನಲ್ಲಿ ಹಾರಿದ ಈ ಜೋಡಿರೆಕ್ಕೆಯ ವಿಮಾನದ ಎಂಜಿನ್ ೧೩೦ ಅಶ್ವಶಕ್ತಿಯದು. ಮುಂದಿನ ಪಂಖವನ್ನು ಕೈಯಿಂದಲೇ ತಿರುಗಿಸಿ ಅದನ್ನು ಚಾಲೂ ಮಾಡಬೇಕಾಗಿತ್ತು. ಯುದ್ಧಕಾಲದಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿಯೂ ಜೋಧಪುರದಲ್ಲಿಯೂ ಇದರ ಮೇಲೆಯೇ ಪಾಠ ನಡೆಯಿತು. ಇದರ ಸ್ಥಾನದಲ್ಲಿ ನಮ್ಮದೇ ವಿಮಾನ ನಿಲ್ಲಬೇಕೆಂದು ೧೯೪೮ರಲ್ಲಿ ಬೆಂಗಳೂರಿನಲ್ಲಿ ಹೊಸ ರಚನೆ ಆರಂಭವಾಯಿತು. ಅದರ ಮುಖ್ಯ ಶಿಲ್ಪಿ ಡಾ॥ ವಿ.ಎಂ. ಘಾಟಗೆಯವರು. ಜರ್ಮನಿಯ ಗಟಿಂಗೆನ್ ವಿದ್ಯಾಪೀಠದಲ್ಲಿ ಪ್ರಾಂಟ್ಲ್ ಎಂಬ ಮಹಾವಿದ್ವಾಂಸರ ಬಳಿ ಓದಿದವರು, ಟಾಟಾ ವಿಜ್ಞಾನ ಮಂದಿರದ ವಿಮಾನಶಾಸ್ತ್ರ ವಿಭಾಗದಲ್ಲಿ ಪಾಠ ಹೇಳಿದವರು. ಎಂದರೆ ಭಾರತದ ಪ್ರಥಮ ತರಬೇತಿ ವಿಮಾನವನ್ನು ರಚಿಸಿದವರೂ ಒಬ್ಬ ಅಧ್ಯಾಪಕರೇ. 'ಎಚ್.ಟಿ.-೨' ಎಂಬ ಈ ವಿಮಾನ ೧೯೫೧ರ ಆಗಸ್ಟ್‌ನಲ್ಲಿ ಪ್ರಥಮ ಬಾರಿಗೆ ಹಾರಿತು. ಇದು ಒಂಟಿರೆಕ್ಕೆಯದು, ಪೂರ್ಣ ಲೋಹದ್ದು. ಗುರುಶಿಷ್ಯರ ಎರಡು ಆಸನಗಳು ಮಾತ್ರ ಹಳೆಯ ಕ್ರಮದಲ್ಲಿಯೇ ಒಂದರ ಹಿಂದೊಂದು. ೧೫೦ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಆಫ್ರಿಕದ ಘಾನಾ ದೇಶವೂ ಕೊಂಡಿತು. ಮುಂದೆ ಬೀದರಿನ ಪ್ರಾಥಮಿಕ ಹಾರಾಟ ಶಾಲೆಯಲ್ಲಿ ಎಷ್ಟೋ ತರುಣರಿಗೆ ಇದರಲ್ಲಿಯೇ ಅಕ್ಷರಾಭ್ಯಾಸವಾಯಿತು.

ಬೆಂಗಳೂರಿನ ಪರಂಪರೆಯೂ ಅಖಂಡವಾಗಿ ನಡೆಯಿತೆಂದು ಹೇಳುವಂತಿಲ್ಲ. ಎಚ್.ಟಿ.-೨ರ ಉತ್ತರಾಧಿಕಾರಿಯಾಗಿ ಬಂದ 'ದೀಪಕ್' ವಿಮಾನ ೧೯೭೭ರಲ್ಲಿ ಮೊದಲು ಹಾರಿತು. ಅದರ ಎಂಜಿನ್ ಆಕಾಶದಲ್ಲಿ ನಿಂತುಹೋಗುವ ತೊಂದರೆ ಪದೇ ಪದೇ ಕಾಣಿಸಿತು. ೨೦೦೯ರಲ್ಲಿ ನಡೆದ ಅಪಘಾತದಲ್ಲಿ ಇಬ್ಬರು ವೈಮಾನಿಕರು ಮಡಿದ ಮೇಲೆ ಆ ವಿಮಾನಗಳನ್ನೆಲ್ಲ ನೆಲಕ್ಕೆ ಇಳಿಸಲಾಯಿತು. ದೊಡ್ಡ ವಾಯುಸೇನೆಯುಳ್ಳ ದೇಶಕ್ಕೆ ಪ್ರಾಥಮಿಕ ಪಾಠದ ವಿಮಾನವೇ ಇಲ್ಲದಂತಾಯಿತು! ೨೦೧೨ರಲ್ಲಿ ಸ್ವಿಟ್ಜರ್ಲೆಂಡಿನಿಂದ ೭೫ 'ಪಿಲಾಟಸ್' ವಿಮಾನಗಳನ್ನು ಕೊಳ್ಳಲು ಒಪ್ಪಂದವಾಯಿತು. ಬೆಂಗಳೂರಿನಲ್ಲಿ ರಚಿತವಾದ 'ಎಚ್.ಟಿ.ಟಿ.-೪೦' ೨೦೧೬ರ ಮೇ ೩೧ರಂದು ಹಾರಿತು. ೭೦ ವಿಮಾನಗಳಿಗೆ ಸರ್ಕಾರದ ಬೇಡಿಕೆ ಬಂದುದು ೨೦೨೩ರಲ್ಲಿ. ಪ್ರಾಥಮಿಕ ಶಾಲೆಯನ್ನು ಉಪೇಕ್ಷಿಸಿದರೆ ಮೇಲಿನ ತರಗತಿಗಳೆಲ್ಲ ಸಂಕಟಕ್ಕೆ ಸಿಲುಕುವುವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಚರಿತ್ರೆ ನಮ್ಮ ಎರಡು ತಾಲ್ಲೂಕುಗಳ ಅಂಚಿನಲ್ಲಿಯೇ ನಡೆದುದು. ೧೯೪೦ರಲ್ಲಿ ರಾಯದುರ್ಗಕ್ಕೂ ಮಡಕಶಿರಕ್ಕೂ ಮೈಸೂರು ಸಂಸ್ಥಾನವೇ ಎಲ್ಲೆ. ೧೯೫೩ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ಬಳ್ಳಾರಿಯನ್ನು ಬಿಟ್ಟು ಅನಂತಪುರ ಜಿಲ್ಲೆಗೆ ಸೇರಿತು. ೨೦೨೨ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಎಲ್ಲೆಗಳು ಹೀಗೆ ಸರಿದಾಡಿದರೂ ವಿದ್ಯೆಯ ದಾರಿ ಅವನ್ನು ದಾಟಿಯೇ ನಡೆಯುತ್ತದೆ. ರಾಯದುರ್ಗದಿಂದ ಮೊಳಕಾಲ್ಮೂರನ್ನು ದಾಟಿದರೆ ಸಿಕ್ಕುವ ಚಳ್ಳಕೆರೆ ತಾಲ್ಲೂಕಿನಲ್ಲಿ ೨೦೧೭ರಲ್ಲಿ ವಿಮಾನಗಳ ಪರೀಕ್ಷಾ ಕ್ಷೇತ್ರ ತೆರೆಯಿತು. ಚಾಲಕನಿಲ್ಲದ ವಿಮಾನಗಳ ಪರೀಕ್ಷೆ ಅಲ್ಲಿ ನಡೆದಿದೆ. ಅಂಥ ವಿಮಾನದಲ್ಲಿ ಗುರುವಿಗೂ ಆಸನವಿಲ್ಲ, ಶಿಷ್ಯನಿಗೂ ಇಲ್ಲ. ಆದರೂ ನೆಲದ ಮೇಲೆ ಕುಳಿತು ನಡೆಸುವವನಿಗೆ ಒಬ್ಬರು ಕಲಿಸಲೇಬೇಕು.

ಕಡೆಯದಾಗಿ ನಮ್ಮ ಸಹೋದ್ಯೋಗಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಹಳ್ಳಿಗಳಿಂದ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಹೋಗಿ ರಿವೆಟ್ ಹೊಡೆದವರು, ತಗಡು ಕತ್ತರಿಸಿದವರು, ಎಂಜಿನ್ ಬಿಚ್ಚಿ ಕೂಡಿಸಿದವರು ಇದ್ದರೆ, ಅವರ ಅಥವಾ ಅವರ ಮಕ್ಕಳ ಬಾಯಿಂದ ವೃತ್ತಾಂತವನ್ನು ಕೇಳಿ ಬರೆದಿಡಬೇಕು. ಯಾವ ವರ್ಷ ಹೋದರು, ಯಾರ ಕೈಕೆಳಗೆ ಕಲಿತರು, ಆ ಉಪಕರಣಗಳನ್ನು ತಮ್ಮತಮ್ಮಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂಬಷ್ಟು ದೊರೆತರೂ ಸಾಕು. ಶಿಲ್ಪಿಗಳ ಹೆಸರುಗಳನ್ನು ಸರ್ಕಾರದ ಕಾಗದಗಳು ಉಳಿಸುತ್ತವೆ. ಕೈಗಳ ನೆನಪನ್ನು ಉಳಿಸುವ ಹೊಣೆ ಊರಿನ ಉಪಾಧ್ಯಾಯನದು.