ಚಂದ್ರನ ಮಣ್ಣು ಅಗೆಯುವ ಯಂತ್ರಗಳು ಮತ್ತು ವಿದ್ಯಾರ್ಥಿ ಸ್ಪರ್ಧೆಗಳು

ಜೆಸಿಬಿ ನೆಲ ಅಗೆಯುವುದು ತನ್ನ ತೂಕದ ಬಲದಿಂದ. ಬಕೆಟ್ಟಿನ ಹಲ್ಲು ಮಣ್ಣಿಗೆ ಇಳಿದಾಗ ಮಣ್ಣೂ ಅಷ್ಟೇ ಬಲದಿಂದ ಯಂತ್ರವನ್ನು ಹಿಂದಕ್ಕೆ ತಳ್ಳುತ್ತದೆ; ಹಲವು ಟನ್ ಭಾರದ ಯಂತ್ರ ಮಾತ್ರ ಜಗ್ಗುವುದಿಲ್ಲ. ಚಂದ್ರನ ಮೇಲೆ ಈ ಅನುಕೂಲ ಇಲ್ಲ. ಅಲ್ಲಿನ ಗುರುತ್ವ ಭೂಮಿಯದರ ಆರರಲ್ಲಿ ಒಂದು ಪಾಲು. 60 ಕಿಲೋದ ಯಂತ್ರ ಅಲ್ಲಿ ನೆಲವನ್ನು ಒತ್ತುವುದು ಇಲ್ಲಿನ 10 ಕಿಲೋದ ವಸ್ತುವಿನಷ್ಟೇ. ಯಂತ್ರವನ್ನೇ ಭಾರವಾಗಿ ಕಟ್ಟೋಣವೆಂದರೆ ರಾಕೆಟ್ಟಿಗೆ ಏರಿಸುವ ಪ್ರತಿ ಕಿಲೋವೂ ದುಬಾರಿ. ಸಾಲದ್ದಕ್ಕೆ, ಗಾಳಿ ನೀರುಗಳ ಸವೆತ ಕಾಣದ ಅಲ್ಲಿನ ಮಣ್ಣಿನ ಕಣಗಳು ಒಡೆದ ಗಾಜಿನಂತೆ ಚೂಪಾಗಿಯೇ ಉಳಿದಿವೆ. ಈ ಸಮಸ್ಯೆಗೆ ಉತ್ತರ ಹುಡುಕುವ ಕೆಲಸದಲ್ಲಿ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಕಾಲೇಜು ವಿದ್ಯಾರ್ಥಿಗಳೂ ಕೈಜೋಡಿಸಿದ್ದಾರೆ. ಅವರ ಯೋಚನೆಗಳು ನಿಜವಾದ ರೋವರ್‌ಗಳ ವಿನ್ಯಾಸವನ್ನು ಎಷ್ಟರಮಟ್ಟಿಗೆ ಮುಟ್ಟಿವೆ ಎಂಬುದು ಇಲ್ಲಿನ ಪ್ರಶ್ನೆ.

ನಾಸಾದ ರೆಗೊಲಿತ್ (ಚಂದ್ರನ ಮೇಲ್ಮೈಯ ಸಡಿಲ ಮಣ್ಣು) ಅಗೆತದ ಸ್ಪರ್ಧೆ ಆರಂಭದ ಎರಡು ವರ್ಷ ವಿಜೇತರನ್ನೇ ಕಾಣಲಿಲ್ಲ. 30 ನಿಮಿಷದಲ್ಲಿ ಕನಿಷ್ಠ 150 ಕಿಲೋ ಕೃತಕ ಚಂದ್ರಮಣ್ಣನ್ನು ಅಗೆದು ತೊಟ್ಟಿಗೆ ಸುರಿಯಬೇಕಿತ್ತು. 2009ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಈ ಗೋಡೆ ಒಡೆಯಿತು. ಸ್ಪರ್ಧೆ ವಿದ್ಯಾರ್ಥಿಗಳಿಗೇ ಮೀಸಲಾಗಿರಲಿಲ್ಲ. ಆದರೂ 5 ಲಕ್ಷ ಡಾಲರ್ ಬಹುಮಾನ ಗೆದ್ದದ್ದು ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯ ವಿದ್ಯಾರ್ಥಿ ಪಾಲ್ ವೆಂಟಿಮಿಲಿಯಾ ಕಟ್ಟಿದ ತಂಡ. ಅದರ ಯಂತ್ರ 400 ಕಿಲೋಗಿಂತ ಹೆಚ್ಚು ಮಣ್ಣು ಸಾಗಿಸಿತ್ತು.

ಮರುವರ್ಷ, 2010ರಲ್ಲಿ, ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿಯೇ ಲೂನಾಬಾಟಿಕ್ಸ್ ಶುರುವಾಯಿತು. ಅಂಗಳದ ತುಂಬ ಅರಿಜೋನಾದ ಲಾವಾ ಶಿಲೆಯ ನುಣ್ಣನೆಯ ಪುಡಿ. ಅದರ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಹಾಗಾಗಿ ಒಳಗೆ ಇಳಿಯುವವರು ಮೈತುಂಬ ರಕ್ಷಣಾ ಉಡುಪು, ಮುಖಕ್ಕೆ ಉಸಿರಾಟದ ಮಾಸ್ಕ್ ತೊಡಬೇಕು. ತಂಡ ಇನ್ನೊಂದು ಕೋಣೆಯಲ್ಲಿ ಕೂತು ಯಂತ್ರ ನಡೆಸುತ್ತದೆ. ಈ ಸ್ಪರ್ಧೆಯ ನಿಯಮ ಪುಸ್ತಕವನ್ನು ಸಂಶೋಧಕರು ಗಮನವಿಟ್ಟು ಓದಬೇಕು. ಅಗೆದ ಮಣ್ಣಿಗೆ ಅಂಕ ಸಿಗುತ್ತಿತ್ತು. ಯಂತ್ರದ ತೂಕಕ್ಕೂ ಸಂಪರ್ಕಕ್ಕೆ ಬಳಸಿದ ಬ್ಯಾಂಡ್‌ವಿಡ್ತ್‌ಗೂ ಅಂಕ ಕಳೆಯುತ್ತಿತ್ತು. ದೂಳು ತಡೆದುಕೊಂಡರೆ, ಯಂತ್ರ ತಾನೇ ತಾನಾಗಿ ಓಡಿದರೆ ಹೆಚ್ಚುವರಿ ಅಂಕ. ಚಂದ್ರಯಾತ್ರೆಯ ಎಂಜಿನಿಯರನಿಗೆ ನಿದ್ದೆ ಕೆಡಿಸುವ ಸಂಗತಿಗಳೇ ಇಲ್ಲಿ ಅಂಕಗಳಾಗಿವೆ. ನಾಸಾದ ಅಗತ್ಯ ಬದಲಾದಂತೆ ಪ್ರಶ್ನೆಯೂ ಬದಲಾಯಿತು: ಕೆಲವು ವರ್ಷ ಮಂಗಳದ ಮಂಜುಗಡ್ಡೆಯ ಪ್ರತೀಕವಾಗಿ ಹೂತಿಟ್ಟ ಜಲ್ಲಿ ಅಗೆಯಬೇಕಿತ್ತು, 2024ರಲ್ಲಿ ಮಣ್ಣಿನ ದಿಬ್ಬ ಕಟ್ಟಬೇಕಿತ್ತು.

ಹಾಗಾದರೆ ಗೆದ್ದ ಯಂತ್ರವನ್ನೇ ನಾಸಾ ನಕಲು ಮಾಡಿತೇ? ಇಲ್ಲ. ಪ್ರಕರಣದ ಸ್ವಾರಸ್ಯ ಇರುವುದೇ ಇಲ್ಲಿ. ಆರಂಭದ ವರ್ಷಗಳಲ್ಲಿ ಮುಂದಿದ್ದ ಹಲವು ಯಂತ್ರಗಳು ಸರಪಳಿಗೆ ಸಾಲಾಗಿ ಬಕೆಟ್ಟು ಪೋಣಿಸಿದ ಮಾದರಿಯವು. ಕೆನಡಿ ಕೇಂದ್ರದ ಸ್ವಾಂಪ್ ವರ್ಕ್ಸ್ ಪ್ರಯೋಗಾಲಯ ರೂಪಿಸಿದ ರಾಸರ್ ಎಂಬ ಯಂತ್ರದಲ್ಲಿ ಸರಪಳಿಯೇ ಇಲ್ಲ. ಅದರ ಎರಡು ತುದಿಯ ತೋಳುಗಳಲ್ಲಿ ಅಂಚಿಗೆ ಬಾಯಿಗಳಿರುವ ಟೊಳ್ಳು ಡ್ರಮ್ಮುಗಳಿವೆ. ಒಂದು ದಿಕ್ಕಿಗೆ ತಿರುಗಿದರೆ ಮಣ್ಣು ಒಳಸೇರುತ್ತದೆ, ತಿರುವುಮುರುವಾದರೆ ಹೊರಬೀಳುತ್ತದೆ. ಎರಡೂ ಡ್ರಮ್ಮು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಒಂದರ ಎಳೆತವನ್ನು ಇನ್ನೊಂದು ರದ್ದು ಮಾಡುತ್ತದೆ. ತೂಕದ ಆಸರೆಯಿಲ್ಲದೆ ಅಗೆಯಲು ದಾರಿ ಇದು. ಡ್ರಮ್ಮಿನ ಕಲ್ಪನೆ ಸ್ಪರ್ಧೆಯಲ್ಲಿ ಹುಟ್ಟಿದ್ದಲ್ಲ. ಲಾಕ್‌ಹೀಡ್ ಮಾರ್ಟಿನ್ ಎಂಜಿನಿಯರುಗಳು ಅದನ್ನು ಮೊದಲೇ ಪ್ರಯೋಗಿಸಿದ್ದರು.

ಸ್ಪರ್ಧೆ ಕೊಟ್ಟದ್ದು ಹೋಲಿಕೆಯ ಅವಕಾಶ. ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ನಿಯಮದಡಿ, ಹತ್ತಾರು ಬಗೆಯ ಅಗೆತ ಒಟ್ಟಿಗೆ ಪರೀಕ್ಷೆಗೆ ಬಂದದ್ದು ಯಾವ ಪ್ರಯೋಗಾಲಯದ ಬಜೆಟ್ಟಿಗೂ ಎಟುಕದ ಮಾತು. ರಾಸರ್ ಯೋಜನೆಯ ಪ್ರಮುಖರಲ್ಲಿ ಒಬ್ಬರಾದ ರಾಬರ್ಟ್ ಮ್ಯೂಲರ್ ಲೂನಾಬಾಟಿಕ್ಸ್ ಕಟ್ಟಿದವರಲ್ಲೂ ಒಬ್ಬರು. 2011ರಲ್ಲಿ ಅವರು ಸಂಶೋಧಕ ಪಾಲ್ ವ್ಯಾನ್ ಸುಸಾಂಟೆ ಅವರೊಂದಿಗೆ ಇಂಥ ಅಗೆಯುವ ಯಂತ್ರಗಳ ವಿಮರ್ಶಾ ಪ್ರಬಂಧ ಪ್ರಕಟಿಸಿದರು. ಪ್ರಭಾವದ ಬಲವಾದ ಪುರಾವೆ ಈ ಬರಹವೇ, ಯಾವುದೋ ಒಂದು ಯಂತ್ರವಲ್ಲ. ಭೂಮಿಯ ಗುರುತ್ವದಲ್ಲಿ ಗೆದ್ದದ್ದು ಚಂದ್ರನಲ್ಲೂ ಗೆಲ್ಲಬೇಕಿಲ್ಲ ಎಂಬ ಎಚ್ಚರವಿಟ್ಟುಕೊಂಡೇ ಅಂಥ ಫಲಿತಾಂಶಗಳನ್ನು ಬಳಸಬೇಕಾಗುತ್ತದೆ.

ವ್ಯಾನ್ ಸುಸಾಂಟೆ ಮಾರ್ಗದರ್ಶನದ ಮಿಷಿಗನ್ ಟೆಕ್ ತಂಡ ನಾಸಾದ 2020ರ ಬಿಗ್ ಐಡಿಯಾ ಸ್ಪರ್ಧೆಯಲ್ಲಿ ಅಗ್ರ ಪ್ರಶಸ್ತಿ ಪಡೆಯಿತು. ಬಿಸಿಲೇ ಬೀಳದ ಧ್ರುವದ ಕುಳಿಗೆ ಇಳಿಯುವ ಅವರ ಟಿ-ರೆಕ್ಸ್ ರೋವರ್, ಹೋದ ದಾರಿಯುದ್ದಕ್ಕೂ ಅತಿವಾಹಕ (ವಿದ್ಯುತ್ತಿಗೆ ತಡೆಯೊಡ್ಡದ) ತಂತಿ ಹಾಸುತ್ತ ಸಾಗುತ್ತದೆ. ವಿದ್ಯುತ್ತೂ ಸಂದೇಶವೂ ಅದೇ ತಂತಿಯಲ್ಲಿ. ಕುಳಿಯ ಕಡುಚಳಿಯೇ ತಂತಿಯನ್ನು ಅತಿವಾಹಕ ಸ್ಥಿತಿಯಲ್ಲಿ ಉಳಿಸಲು ನೆರವಾಗುತ್ತದೆ. ಶತ್ರುವನ್ನು ಸಾಧನ ಮಾಡಿಕೊಂಡ ಈ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಬೆಂಗಳೂರಿನಲ್ಲೂ ಇಂಥ ಪ್ರಯತ್ನ ನಡೆದಿದೆ. ಚಂದ್ರಯಾನ-3ರ ಯಶಸ್ಸಿನ ನಂತರ ಯು.ಆರ್. ರಾವ್ ಉಪಗ್ರಹ ಕೇಂದ್ರ ವಿದ್ಯಾರ್ಥಿಗಳಿಗಾಗಿ ಇಸ್ರೋ ರೋಬೊಟಿಕ್ಸ್ ಚಾಲೆಂಜ್ ಏರ್ಪಡಿಸಿತು. ಕುಳಿ, ಬಂಡೆಗಳ ನಡುವೆ ಸಾಗಿ ಮಾದರಿ ಕೊಳವೆಗಳನ್ನು ಎತ್ತಿಡುವ ರೋವರ್ ಕಟ್ಟುವುದು ಅದರ ಸವಾಲು. ಕುಳಿಯೆಂಬುದು ಬರೀ ಅಂಗಳದ ಅಲಂಕಾರವಲ್ಲ. ಚಂದ್ರಯಾನ-3ರ 26 ಕಿಲೋದ ಪ್ರಜ್ಞಾನ್ ರೋವರ್‌ಗೆ 2023ರ ಆಗಸ್ಟ್ 27ರಂದು ಸುಮಾರು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು. ಬೆಂಗಳೂರಿನಿಂದ ಆದೇಶ ಹೋದ ಮೇಲೆ ಅದು ಬಂದ ದಾರಿಗೆ ತಿರುಗಿತು.

ಅಂಥ ನಿರ್ಧಾರವನ್ನು ಯಂತ್ರವೇ ಮಾಡುವಂತೆ ಮಾಡುವುದು ಈಗಿನ ಹೊಸ ಸವಾಲು. ರಾಸರ್ ವಂಶದ ಸುಮಾರು 30 ಕಿಲೋದ ಐಪೆಕ್ಸ್ ಯಂತ್ರ ಒಂದು ಚಾಂದ್ರ ಹಗಲಿನಲ್ಲಿ 10 ಟನ್ ಮಣ್ಣು ಅಗೆಯಬೇಕೆಂಬ ಗುರಿ ನಾಸಾದ್ದು. ಈ ಯಂತ್ರದ ಡಿಜಿಟಲ್ ಪ್ರತಿರೂಪವನ್ನು ಲೂನಾರ್ ಆಟೊನಮಿ ಚಾಲೆಂಜ್‌ನಲ್ಲಿ ಅಮೆರಿಕದ ವಿದ್ಯಾರ್ಥಿಗಳ ಕೈಗೇ ಕೊಡಲಾಯಿತು. ಜಿಪಿಎಸ್ ಇಲ್ಲದ ನೆಲದಲ್ಲಿ, ನೀಳ ನೆರಳುಗಳ ನಡುವೆ, ಕ್ಯಾಮೆರಾ ಕಂಡಷ್ಟರಿಂದಲೇ ಏರುತಗ್ಗು ಮತ್ತು ಬಂಡೆಗಳ ನಕ್ಷೆ ಬಿಡಿಸುವ ತಂತ್ರಾಂಶವನ್ನು ಅವರು ಬರೆಯಬೇಕಿತ್ತು. ಹಿಂದೆ ವಿದ್ಯಾರ್ಥಿಗಳು ತಮ್ಮ ಯಂತ್ರಗಳನ್ನು ಕೆನಡಿ ಕೇಂದ್ರಕ್ಕೆ ಹೊತ್ತು ತರುತ್ತಿದ್ದರು; ಇಲ್ಲಿ ಕೆನಡಿ ಕೇಂದ್ರದ ಯಂತ್ರವೇ ಅವರ ಕಂಪ್ಯೂಟರ್‌ಗೆ ಬಂದು, ದಾರಿ ಕಾಣುವ ಬಗೆಯನ್ನು ಅವರಿಂದ ಕೇಳಿತು.