ಕನ್ನಡಿ ಇದ್ದದ್ದೋ, ಕನ್ನಡಿ ಇಲ್ಲದ್ದೋ?

ಹೋದ ವರ್ಷ ಮಳಿಗಾಲದಾಗ ನಮ್ಮ ಮನ್ಯಾಗ ಎರಡು ಖರ್ಚು ಒಮ್ಮೆಲೇ ಬಂದು ನಿಂತವು. ಒಂದು, ಹಿತ್ತಲ ಕಡೆ ಖೋಲಿ ಮಾಳಿಗಿ ಸೋರಲಿಕ್ಕೆ ಹತ್ತಿತ್ತು. ಎರಡನೇದು, ಮಗಳು ಕ್ಯಾಮೆರಾ ಬದಲಸಬೇಕು ಅಂದ್ಲು. ಅಕಿ ಮದವಿ-ಮುಂಜವಿ ಫೋಟೋ ತಗೀಲಿಕ್ಕೆ ಶುರು ಮಾಡಿ ಮೂರು ವರ್ಷ ಆತು, ಸಣ್ಣ ಸೆನ್ಸರಿನ ಹಳೇ ಕ್ಯಾಮೆರಾದಾಗ ಹೆಂಗೋ ನಿಭಾಯಿಸ್ಕೋತ ಬಂದಿದ್ಲು. ಈಗ ಫುಲ್-ಫ್ರೇಮ್ ಬೇಕು. ಕೈಯಾಗ ಇದ್ದದ್ದು ಒಂದೂವರಿ ಲಕ್ಷ, ಮಾಳಿಗಿದೂ ಸೇರಿಸಿ.

ಅಂಗಡಿಯಂವ ಎರಡು ಮುಂದಿಟ್ಟ. ಒಂದು ನಿಕಾನ್ ಡಿ750, 2014ರ ಡಿಎಸ್ಎಲ್ಆರ್, ಸೆಕೆಂಡ್ ಹ್ಯಾಂಡ್. ಇನ್ನೊಂದು ನಿಕಾನ್ ಝಡ್-6 ಟೂ, 2020ರ ಮಿರರ್‌ಲೆಸ್, ಹೊಸಾದು. ಎರಡರಾಗೂ 24 ಮೆಗಾಪಿಕ್ಸೆಲ್. ಹೊಸಾದು ತೊಗೊಂಡ್ರ ಮಾಳಿಗಿ ಇನ್ನೊಂದು ಮಳಿಗಾಲ ಹಂಗs ಸೋರಬೇಕು.

ನಮ್ಮ ಅಣ್ಣಂದು ಮತ್ತೊಂದು ಮಾತು. ಅಂವ ಹುಬ್ಬಳ್ಳ್ಯಾಗ ಮೂವತ್ತು ವರ್ಷ ಸ್ಟುಡಿಯೋ ನಡಿಸಿದಂವ. ಕಣ್ಣಿನ ಪೊರಿ ತೆಗಿಸಿದ ಮ್ಯಾಲೆ ತನ್ನ ಮೂರು ನಿಕಾನ್ ಲೆನ್ಸ್, ಐವತ್ತರದೊಂದು, ಎಂಬತ್ತೈದರದೊಂದು, ಎಂಬತ್ತು-ಇನ್ನೂರರದೊಂದು, ಡಬ್ಬಿ ಸಮೇತ ನನ್ನ ಮಗಳಿಗೆ ಕೊಟ್ಟಿದ್ದ. "ಕನ್ನಡಿ ಇಲ್ಲದ್ದಕ್ಕ ಕ್ಯಾಮೆರಾ ಅಂತಾರೇನವಾ?" ಅಂದ. "ಕನ್ನಡಿ ಯಾಕ ಬೇಕು ಹೇಳ್ರಿ ದೊಡ್ಡಪ್ಪಾ" ಅಂತ ಇಕಿ ಕೇಳಿದ್ಲು. ಅಂವಂಗ ಸಿಟ್ಟು ಬಂತು, ನನಗ ಮಾತ್ರ ಪ್ರಶ್ನೆ ತಲ್ಯಾಗ ಉಳೀತು. ಖರೇನ, ಆ ಕನ್ನಡಿ ಅಲ್ಲೆ ಬಂದದ್ದರೆ ಯಾಕ?

ಕನ್ನಡಿ ಫೋಟೋಗ್ರಫಿಕ್ಕಿಂತ ಹಳೇದು. ಕತ್ತಲ ಡಬ್ಬಿಗೆ ಮುಂದ ಒಂದು ಲೆನ್ಸ್ ಹಚ್ಚಿ, ಒಳಗ ಓರೆಯಾಗಿ ಕನ್ನಡಿ ಇಟ್ರ ಹೊರಗಿನ ಚಿತ್ರ ಮ್ಯಾಲಿನ ಗಾಜಿನ ಮ್ಯಾಲೆ ಬೀಳತದ, ಕಾಗದ ಇಟ್ಟು ತಿದ್ದಿಕೋಬಹುದು. ಜರ್ಮನಿಯ ಯೋಹಾನ್ ಝಾನ್ ಅನ್ನೋ ಪಾದ್ರಿ 1685ರಾಗ ಇಂಥಾ ಡಬ್ಬಿ ಚಿತ್ರ ಬರದು ಪುಸ್ತಕದಾಗ ಹಾಕ್ಯಾನ. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು 1839ರಾಗ.

ಆವಾಗಿನ ಕ್ಯಾಮೆರಾದಾಗ ನೋಡೋದೂ ತಗಿಯೋದೂ ಒಂದೇ ಹೊತ್ತಿಗೆ ಆಗತಿದ್ದಿಲ್ಲ. ಕರೀ ಬಟ್ಟಿ ಹೊತ್ಕೊಂಡು ಹಿಂದಿನ ಗಾಜಿನ್ಯಾಗ ತಲಿಕೆಳಗಾದ ಚಿತ್ರ ನೋಡಬೇಕು, ಫೋಕಸ್ ಮಾಡಬೇಕು, ಆಮ್ಯಾಲೆ ಗಾಜು ಸರಿಸಿ ಪ್ಲೇಟ್ ಹಾಕಬೇಕು. ಪ್ಲೇಟ್ ಹಾಕಿದ ಮ್ಯಾಲೆ ಫೋಟೋಗ್ರಾಫರ್ ಕುರುಡ. ಎದುರಿನಂವ ಅಲಗಾಡಿದನೋ ಇಲ್ಲೋ ಕ್ಯಾಮೆರಾದಾಗಿಂದ ಕಾಣೂದಿಲ್ಲ. ನಮ್ಮ ಅಜ್ಜನ ಕಾಲದ ಫೋಟೋದಾಗ ಎಲ್ಲಾರೂ ಕಟ್ಟಿಗಿ ಗೊಂಬಿಹಂಗ ಯಾಕ ಕೂತಾರ ಅನ್ನೋದಕ್ಕ ಇದೂ ಒಂದು ಕಾರಣ.

ಈ ಕುರುಡುತನ ಹೋಗಲಾಡಿಸಲಿಕ್ಕೆ ಇಂಗ್ಲೆಂಡಿನ ಥಾಮಸ್ ಸಟನ್ 1861ರಾಗ ಒಂದು ಪೇಟೆಂಟ್ ತೊಗೊಂಡ. ಲೆನ್ಸ್ ಮತ್ತು ಪ್ಲೇಟಿನ ನಡುವ ಕನ್ನಡಿ. ನೋಡೋ ಮಟಾ ಕೆಳಗ, ತಗಿಯೋ ಹೊತ್ತಿಗೆ ಮ್ಯಾಲೆ. ಮುಂದಿನ ನೂರೈವತ್ತು ವರ್ಷದ ಕಥಿ ಇದs.

ಬ್ಯಾರೆ ದಾರಿನೂ ಇದ್ದವು. ಬ್ಯಾರೆ ಕಿಟಕಿಯೊಳಗಿಂದ ನೋಡೋದು ಒಂದು ದಾರಿ. 1925ರಾಗ ಬಂದ ಲೈಕಾ ಹಂಗ ಇತ್ತು. ಅದನ್ನ ಮಾಡಿದ ಓಸ್ಕರ್ ಬಾರ್ನಾಕ್ ಸಿನೆಮಾ ರೀಲ್ ಅಡ್ಡ ಹಾಕಿ, ಎರಡು ಚೌಕಟ್ಟು ಸೇರಿಸಿ 24×36 ಮಿಲಿಮೀಟರ್ ಮಾಡಿದ. ಇವತ್ತು ನಾವು ಲಕ್ಷಗಟ್ಟಲೆ ಕೊಟ್ಟು ತೊಗೊಳ್ಳೋ 'ಫುಲ್-ಫ್ರೇಮ್' ಅಂದ್ರ ಆ ಅಳತಿನೇ. ಇದರಾಗ ಫಜೀತಿ ಏನಂದ್ರ, ಹತ್ರ ಹೋದ್ರ ಕಿಟಕಿ ಕಂಡದ್ದು ಒಂದು, ಲೆನ್ಸ್ ಕಂಡದ್ದು ಇನ್ನೊಂದು. ತಲಿ ಕತ್ತರಿಸಿ ಹೋಗೋದು.

ಇನ್ನೊಂದು ದಾರಿ ಎರಡು ಲೆನ್ಸ್ ಇಡೋದು, ಒಂದು ನೋಡಲಿಕ್ಕೆ, ಒಂದು ತಗೀಲಿಕ್ಕೆ. 1929ರ ರೋಲೈಫ್ಲೆಕ್ಸ್ ಇದರ ಹಿರಿಯಣ್ಣ. ನಮ್ಮ ಅಣ್ಣನ ಕೊಳ್ಳಾಗ ಮೊದಲಿಗೆ ಜೋತಾಡತಿದ್ದ ಯಾಶಿಕಾನೂ ಇದೇ ಜಾತೀದು. ಇದರಾಗ ಕನ್ನಡಿ ಅದ, ಆದ್ರ ಅದು ಮ್ಯಾಲೆ-ಕೆಳಗ ಹಾರೂದಿಲ್ಲ. ಎಡಾ-ಬಲಾ ಅದಲಬದಲ ಕಾಣತದ ಅಷ್ಟ. ಮದುಮಗ ಬಲಕ್ಕ ಸರದ್ರ ಗಾಜಿನ್ಯಾಗ ಎಡಕ್ಕ ಸರೀತಿದ್ದ. ಅಣ್ಣಂಗ ಈಗೂ ಸ್ಕೂಟರ್ ಮ್ಯಾಲೆ ಎಡಾ-ಬಲಾ ಗೊಂದಲ ಆಗೋದು ಇದರಿಂದನ ಅಂತ ನಮ್ಮ ವೈನಿ ಅಂತಾರ.

ಸಟನ್‌ನ ಹಾರೋ ಕನ್ನಡಿ 35 ಎಂಎಂ ರೀಲಿನ ಕ್ಯಾಮೆರಾದೊಳಗ ಬಂದದ್ದು 1936ರಾಗ, ಜರ್ಮನಿಯ ಡ್ರೆಸ್ಡೆನ್ ಊರಿನ ಕಿನೆ ಎಕ್ಸಾಕ್ಟಾದಾಗ. ಆದ್ರ ಒಮ್ಮೆ ಹಾರಿದ ಕನ್ನಡಿ ಮ್ಯಾಲೇ ಕೂಡತಿತ್ತು, ರೀಲ್ ತಿರುವೋ ಮಟಾ ಮತ್ತ ಕತ್ತಲಿ. 1949ರಾಗ ಅದೇ ಊರಿಂದ ಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದ ನೆತ್ತಿ ಮ್ಯಾಲೆ ಪೆಂಟಾಪ್ರಿಸಮ್ ಅನ್ನೋ ಗಾಜಿನ ಗಡ್ಡಿ ಕೂತು, ಎಡಾ-ಬಲಾ ಸರಿಯಾಗಿ, ಕಣ್ಣಿನ ಮಟ್ಟದಾಗ ಕಾಣಲಿಕ್ಕೆ ಹತ್ತಿತು. 1954ರಾಗ ಜಪಾನಿನ ಅಸಾಹಿಫ್ಲೆಕ್ಸ್ ಟೂ-ಬಿ ಒಳಗ ಕನ್ನಡಿ ಹಾರಿ ತಾನಾಗೇ ಕೆಳಗ ಬರೋದು ಕಲೀತು. 1959ರಾಗ ನಿಕಾನ್ ಎಫ್ ಬಂತು. ಮುಂದ ಪೇಪರಿನವರು, ಯುದ್ಧಕ್ಕ ಹೋದವರು, ಸ್ಟುಡಿಯೋದವರು ಎಲ್ಲಾರೂ ಈ ನಮೂನಿ ಕ್ಯಾಮೆರಾನೇ ಹಿಡದ್ರು.

ಇಲ್ಲೆ ಒಂದು ಅಂಕಿ ನೆನಪಿಟ್ಟುಕೋರಿ: 46.5 ಮಿಲಿಮೀಟರ್. ನಿಕಾನ್ ಎಫ್‌ನ್ಯಾಗ ಲೆನ್ಸ್ ಕೂಡೋ ಬಳಿಯಿಂದ ರೀಲಿನ ಮಟಾ ಇರೋ ಅಂತರ ಇದು. ಇಷ್ಟು ಯಾಕ? ನಡುವ ಕನ್ನಡಿ ಹಾರಾಡಲಿಕ್ಕೆ ಜಾಗಾ ಬೇಕಲ್ಲ. ಆ ಜಾಗಾದ ಸಲುವಾಗಿ ಲೆನ್ಸ್ ದೂರ ಸರಿಬೇಕು, ಅಗಲ ಕಾಣೋ ಲೆನ್ಸಿಗೆ ಹೆಚ್ಚಿನ ಗಾಜು ಜೋಡಿಸಿ ದೊಡ್ಡದು ಮಾಡಬೇಕು. ಮನ್ಯಾಗ ಒಂದು ತೂಗುಮಣಿ ಇಟ್ಟು ಅದರ ಸಲುವಾಗಿ ಇಡೀ ಪಡಸಾಲಿ ಖಾಲಿ ಬಿಟ್ಟಂಗ. ಆದ್ರ ಒಂದು ದೊಡ್ಡಸ್ತನ ಅದ, 1959ರ ಆ ಬಳಿಯನ್ನ ನಿಕಾನ್‌ನವರು ಡಿ750ರ ತನಕಾನೂ ಬಿಡಲಿಲ್ಲ.

1985ರಾಗ ಮಿನೋಲ್ಟಾ 7000 ಬಂದು ಆಟೋಫೋಕಸ್ ಎಲ್ಲಾರ ಕೈಗೆ ಬಂತು. ದೊಡ್ಡ ಕನ್ನಡಿ ಸ್ವಲ್ಪ ಬೆಳಕನ್ನ ತನ್ನೊಳಗಿಂದ ಹಿಂದಕ್ಕ ಬಿಡತದ, ಅದರ ಹಿಂದಿನ ಮರಿ ಕನ್ನಡಿ ಅದನ್ನ ಕ್ಯಾಮೆರಾದ ತಳಕ್ಕ ಕಳಸತದ, ಅಲ್ಲೆ ಕೂತ ಸೆನ್ಸರ್ ಫೋಕಸ್ ಲೆಕ್ಕ ಹಾಕತದ. ಕ್ಯಾನನ್‌ನವರು 1987ರಾಗ ಹಳೇ ಬಳಿ ಕಿತ್ತೊಗದು, ಲೆನ್ಸಿನ್ಯಾಗನ ಮೋಟಾರ್ ಇಟ್ಟು ಹೊಸಾದು ಶುರು ಮಾಡಿದ್ರು, ಹಳೇ ಲೆನ್ಸಿನವರ ಬೈಗಳ ತಿಂದ್ರು. ನಿಕಾನ್‌ನವರು ಬಳಿ ಉಳಿಸಿಕೊಂಡ್ರು, ಮೋಟಾರ್ ಕ್ಯಾಮೆರಾದಾಗ ಇಟ್ಟು ಒಂದು ಸಣ್ಣ ಸ್ಕ್ರೂದಿಂದ ಲೆನ್ಸ್ ತಿರುವಿದ್ರು. ನಮ್ಮ ಅಣ್ಣನ ಮೂರೂ ಲೆನ್ಸ್ ಈ ಸ್ಕ್ರೂ ಜಾತೀವು. ನಮ್ಮ ಮನೀ ತಕರಾರಿನ ಬೇರು ಅಲ್ಲೇ ಅದ.

ರೀಲ್ ಹೋಗಿ ಡಿಜಿಟಲ್ ಬಂದಾಗ ಕನ್ನಡಿ ಹೋಗಬೇಕಾಗಿತ್ತಲ್ಲ? 1975ರಾಗ ಕೊಡ್ಯಾಕಿನ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರಾ ಕ್ಯಾಸೆಟ್ಟಿನ್ಯಾಗ ತುಂಬಲಿಕ್ಕೆ 23 ಸೆಕೆಂಡ್ ತೊಗೋತಿತ್ತು. ಅಂಥಾದ್ದರ ಪರದೆ ನೋಡಿ ಮದವಿ ತಗದ್ರ ಅಕ್ಷತಾ ಬೀಳೋದು ಕಾಣೋ ಹೊತ್ತಿಗೆ ಊಟದ ಪಂಕ್ತಿ ಕೂತಿರತದ. ಹಿಂಗಾಗಿ 1991ರಾಗ ಕೊಡ್ಯಾಕ್ ಸೆನ್ಸರನ್ನ ನಿಕಾನ್ ಎಫ್3 ಹೊಟ್ಟ್ಯಾಗ ಇಟ್ಟಿತು, 1999ರಾಗ ನಿಕಾನ್ ಡಿ1 ಬಂತು, 2002ರಾಗ ಕ್ಯಾನನ್ 1ಡಿಎಸ್ ಫುಲ್-ಫ್ರೇಮ್ ತಂತು. ಎಲ್ಲಾದರಾಗೂ ಕನ್ನಡಿ ಕೂತೇ ಇತ್ತು. ಸೆನ್ಸರಿನ ಕಣ್ಣು ಇನ್ನೂ ಮಂದ ಇತ್ತು, ನಮ್ಮ ಕಣ್ಣು ಚುರುಕು.

2008ರಾಗ ಒಂದು ಮಜಾ ಆತು. ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ ಟೂ ಡಿಎಸ್ಎಲ್ಆರ್‌ದಾಗ ವಿಡಿಯೋ ತಂದ್ವು. ವಿಡಿಯೋ ಬೇಕಂದ್ರ ಕನ್ನಡಿ ಪೂರ್ತಿ ಹೊತ್ತು ಮ್ಯಾಲೆ ಎತ್ತಿಕೊಂಡೇ ಕೂಡಬೇಕು. ಅಂದ್ರ ಕನ್ನಡಿ ಕ್ಯಾಮೆರಾನೇ ಕನ್ನಡಿ ಇಲ್ಲದ ಕ್ಯಾಮೆರಾ ಆತು! ಅದೇ ವರ್ಷ ಪ್ಯಾನಸಾನಿಕ್ ಜಿ1 ಸಣ್ಣ ಸೆನ್ಸರ್ ಇಟ್ಟು ಕನ್ನಡಿ ತಗದೇ ಬಿಟ್ಟಿತು. 2013ರಾಗ ಸೋನಿ ಎ7 ಅದನ್ನ ಫುಲ್-ಫ್ರೇಮಿಗೆ ತಂತು. 2018ರಾಗ ನಿಕಾನ್, ಕ್ಯಾನನ್ ಎರಡೂ ಸೋತು ಒಪ್ಪಿಕೊಂಡ್ವು. ನಾ ಇದನ್ನ ಓದಿ ಹೇಳಿದಾಗ ಮಗಳು ಅಂದ್ಲು, "ಅದಕ್ಕs ಅಪ್ಪಾ, ಅಂಗೈ ಹುಣ್ಣಿಗೆ ಕನ್ನಡಿ ಯಾಕ?"

ನಿಕಾನಿನ ಹೊಸಾ ಬಳಿಯ ಅಂತರ ಬರೇ 16 ಮಿಲಿಮೀಟರ್. ಹಂಗಾಗಿ ಹಳೇ ಲೆನ್ಸ್ ಹೊಸಾದಕ್ಕ ಹಚ್ಚಬಹುದು, ನಡುವ 30.5 ಮಿಲಿಮೀಟರಿನ ಅಡಾಪ್ಟರ್ ಬೇಕು. ಹೊಸಾ ಲೆನ್ಸ್ ಹಳೇದಕ್ಕ ಕೂಡೂದಿಲ್ಲ. ಅಡಾಪ್ಟರ್ ಒಳಗ ಗಾಜಿಲ್ಲ. "ಖಾಲಿ ಜಾಗಾಕ್ಕ ಇಷ್ಟು ರೊಕ್ಕೇನು?" ಅಂದ ಅಣ್ಣ. "ಹುಬ್ಬಳ್ಳ್ಯಾಗ ಖಾಲಿ ಜಾಗಾಕ್ಕs ರೊಕ್ಕಾ ಜಾಸ್ತಿ ಭಾವಾಜಿ" ಅಂದ್ಲು ನನ್ನ ಹೆಂಡ್ತಿ ಅಡಗಿ ಮನಿಯಿಂದ. ಅದಿರಲಿ, ದೊಡ್ಡ ತೊಡಕು ಬ್ಯಾರೆ ಇತ್ತು: ಆ ಅಡಾಪ್ಟರಿನ್ಯಾಗ ಸ್ಕ್ರೂ ತಿರುವೋ ಮೋಟಾರ್ ಇಲ್ಲ. ಅಣ್ಣನ ಲೆನ್ಸ್ ಕೂಡತಾವ, ಫೋಕಸ್ ಕೈಯಿಂದ ಮಾಡಬೇಕು. ಡಿ750ರ ಹೊಟ್ಟ್ಯಾಗ ಮೋಟಾರ್ ಅದ.

ಮಗಳು ಗೆಳತಿದೊಂದು ಝಡ್-6 ಟೂ, ಅಡಾಪ್ಟರ್ ಸಮೇತ, ಒಂದು ಮುಂಜವಿಗೆ ಕಡಾ ತಂದ್ಲು. ತೂಕ 705 ಗ್ರಾಂ. ಡಿ750 ಆದ್ರ 840. ಅಕಿ ಸಂಜಿಕ ಬಂದು ಹೇಳಿದ್ದು ಇಷ್ಟು. ಫೋಟೋ ಹೆಂಗ ಬರತದ ಅನ್ನೋದು ಒತ್ತೋಕ್ಕಿಂತ ಮೊದಲs ಕಿಟಕಿಯೊಳಗ ಕಾಣತದ, ಬೆಳಕು ಹೆಚ್ಚು-ಕಡಿಮಿ ಆದದ್ದು ಅಲ್ಲೇ ಗೊತ್ತಾಗತದ. ಹೊಸಾ ಲೆನ್ಸ್ ಹಾಕಿದ್ರ ಕಣ್ಣು ಹುಡುಕಿ ಫೋಕಸ್ ಹಿಡೀತದ, ಚೌಕಟ್ಟಿನ ಅಂಚಿನ್ಯಾಗ ಇದ್ರೂ. ಡಿ750ರ 51 ಬಿಂದು ನಡುವಿಗೇ ಗುಂಪಾಗಿ ಕೂತಾವ. ಸದ್ದಿಲ್ಲದ ಶಟರ್ ಇಟ್ಟು ತಗದ್ರ ಮಂಟಪದ ಎಲ್‌ಇಡಿ ದೀಪಕ್ಕ ಫೋಟೋದಾಗ ಪಟ್ಟಿ ಪಟ್ಟಿ ಬಂದ್ವು. (ವಾಲಗದ ಮುಂದ ಕನ್ನಡಿ ಸದ್ದು ಯಾರಿಗೆ ಕೇಳತದೋ, ನನಗಂತೂ ತಿಳೀಲಿಲ್ಲ.) ಬ್ಯಾಟರಿ ಎರಡು ಮುಗದ್ವು. ಕಂಪನಿ ಅಳತಿ ಪ್ರಕಾರ ಒಂದು ಚಾರ್ಜಿಗೆ ಕಿಟಕಿ ನೋಡಿ ತಗದ್ರ 340 ಫೋಟೋ, ಡಿ750ಕ್ಕ 1230. ಕನ್ನಡಿ ಪುಕ್ಕಟೆ ತೋರಸತದ, ಪರದೆ ಕರೆಂಟ್ ಕೇಳತದ. ಲೆನ್ಸ್ ಬದಲಸೋ ಮುಂದ ಸೆನ್ಸರ್ ಹೊರಗs ಕಾಣತದ, ನಮ್ಮ ಕಡೆ ಕೆಂಪು ಧೂಳಿಗೆ ಅಷ್ಟು ಸಾಕು. ದೊಡ್ಡಪ್ಪನ ಎಂಬತ್ತೈದರ ಲೆನ್ಸಿನ್ಯಾಗ ವಟು ಕೂತಾಗ ಛಂದ ಬಂದಾನ. ಭಿಕ್ಷಾ ಬೇಡಲಿಕ್ಕೆ ಓಡ್ಯಾಡಿದ್ದು ಒಂದೂ ಸರಿ ಬಂದಿಲ್ಲ.

ಮರುದಿವಸ ಅಣ್ಣ ಬಂದಾಗ ಅಕಿ ಆ ಕ್ಯಾಮೆರಾಕ್ಕ ಅವನ ಐವತ್ತರ ಲೆನ್ಸ್ ಹಾಕಿ ಕೈಯಾಗ ಕೊಟ್ಲು. ಫೋಕಸ್ ಆದ ಕಡೆ ಅಂಚಿಗೆ ಕೆಂಪು ಗೆರಿ ಬರೋಹಂಗ ಮಾಡಿದ್ಲು. ಅಂವ ತುಳಸಿ ಕಟ್ಟಿ ಕಡೆ ಹಿಡದು ಲೆನ್ಸ್ ತಿರುವಿದ. ಆಪರೇಷನ್ ಆದ ಮ್ಯಾಲೆ ಕೈಯಿಂದ ಫೋಕಸ್ ಮಾಡೋದು ಬಿಟ್ಟs ಬಿಟ್ಟಿದ್ದ. ಕಿಟಕಿಯಿಂದ ಕಣ್ಣು ತಗೀಲಿಲ್ಲ. ತುಳಸಿ ಆತು, ಬಾವಿ ಗಡಗಡಿ ಆತು, ಕಟ್ಟಿ ಮ್ಯಾಲೆ ಕೂತ ವೈನಿ ಆದ್ರು. ಚಹಾ ಆರಿ ಹೋತು. ಕಡಿಗೆ ಕೆಳಗಿಟ್ಟು, "ಇದು ಟಿವಿ ನೋಡಿಧಂಗ ಆತು, ಮದವಿ ನೋಡಿಧಂಗಲ್ಲ" ಅಂದ. ಐದು ನಿಮಿಷ ಬಿಟ್ಟು ಮತ್ತ ಎತ್ತಿಕೊಂಡ.

ನನಗನ್ನಿಸಿದ್ದು ಹೊಸಾದೇ ತೊಗೊಳ್ಳಲಿ ಅಂತ. 2020ರ ಡಿ780, ಡಿ6 ಆದ ಮ್ಯಾಲೆ ನಿಕಾನಿನಿಂದ ಹೊಸಾ ಫುಲ್-ಫ್ರೇಮ್ ಡಿಎಸ್ಎಲ್ಆರ್ ಬಂದಿಲ್ಲ, ಕೊನೀ ಬಸ್ಸಿನ್ಯಾಗ ಸೀಟ್ ಹಿಡದು ಏನು ಮಾಡೋದು? ಮಗಳು ಬ್ಯಾರೆ ಲೆಕ್ಕ ಹಾಕಿದ್ಲು. ಹೊಸಾದು ತೊಗೊಂಡ್ರ ಕ್ಯಾಮೆರಾ ಒಂದs ಬರತದ, ಓಡೋ ಹುಡುಗನ್ನ ಹಿಡೀಲಿಕ್ಕೆ ಮತ್ತ ಲೆನ್ಸ್ ಬೇಕು, ಅದಕ್ಕ ಮತ್ತೊಂದು ಸಾಲ. ಡಿ750 ಆದ್ರ ಮೂರು ಲೆನ್ಸ್ ಪುಕ್ಕಟೆ, ಅವು ಫುಲ್-ಫ್ರೇಮಿನ್ಯಾಗ ತಮ್ಮ ಪೂರ್ತಿ ಅಗಲ ತೋರಸತಾವ; ಅಕಿ ಹಳೇ ಕ್ಯಾಮೆರಾದಾಗ ಐವತ್ತರದು ಎಪ್ಪತ್ತೈದರಹಂಗ ಕಾಣತಿತ್ತು. "ಮೂರು ವರ್ಷ ದುಡೀತೇನಿ, ಆಮ್ಯಾಲೆ ಕನ್ನಡಿ ಬಿಡತೇನಿ. ಆವಾಗ ದೊಡ್ಡಪ್ಪನ ಲೆನ್ಸಿಗೆ ಯಾರೂ ರೊಕ್ಕಾ ಕೊಡೂದಿಲ್ಲ, ಗೊತ್ತದ. ನಾ ಅವನ್ನ ಮಾರೂದಿಲ್ಲಲ್ಲ" ಅಂದ್ಲು.

ಅಂಗಡ್ಯಾಗ ಶಟರ್ ಎಣಿಕಿ ತೆಗಿಸಿ ನೋಡಿದ್ಲು: 41 ಸಾವಿರ. ಕಂಪನಿ ಪರೀಕ್ಷಾ ಮಾಡಿದ್ದು ಒಂದೂವರಿ ಲಕ್ಷ ಸಲಕ್ಕ. ಕನ್ನಡಿ ಎತ್ತಿ ಸೆನ್ಸರ್ ನೋಡಿದ್ಲು, ಮೂರೂ ಲೆನ್ಸ್ ಅಲ್ಲೇ ಹಾಕಿ ತಿರುವಿಸಿ ನೋಡಿದ್ಲು, ಆಮ್ಯಾಲೆ ರೊಕ್ಕಾ ಕೊಟ್ಲು.

ಮಾಳಿಗಿ ಕೆಲಸ ದೀಪಾವಳಿಗೆ ಮುಗೀತು. ಎರಡನೇ ಬ್ಯಾಟರಿ ಇನ್ನೂ ತೊಗೊಂಡಿಲ್ಲ, ಬೇಕಾಗಿಲ್ಲ.