ಬೇಸಗೆಯ ಸಿಡಿಲು ಮತ್ತು ಅದರ ಮುನ್ನರಿವು

ಅಥಣಿ ಸೀಮೆಯ ಐಗಳಿ ಮಳೆಗೆ ಹಂಬಲಿಸುವ ಊರು. ಆದರೂ ಚೈತ್ರ ವೈಶಾಖಗಳ ಕಾರ್ಮೋಡವನ್ನು ಕಂಡರೆ ಅಂಜುವ ಊರೂ ಹೌದು. ಆಗ ಕೊಯ್ದ ದ್ರಾಕ್ಷಿಯು ಒಣಗುತ್ತಿರುವುದು, ಕುರಿಗಳು ಬಯಲಿನಲ್ಲಿರುವುವು. ಒಂದು ಸಂಜೆಯ ಬಿರುಗಾಳಿ, ಆಣೆಕಲ್ಲು, ಸಿಡಿಲುಗಳಿಂದ ವರ್ಷದ ದುಡಿಮೆಯೂ ಒಮ್ಮೊಮ್ಮೆ ಪ್ರಾಣವೂ ಹೋಗುವುದುಂಟು. ಆದುದರಿಂದ ಇಂಥ ಮಳೆಯನ್ನು ಮೊದಲೇ ಅರಿಯುವ ವಿದ್ಯೆಯು ಹೇಗೆ ಬೆಳೆದುಬಂದಿತೆಂಬುದು ವಿಚಾರಾರ್ಹವಾದ ವಿಷಯವು.

ನಮ್ಮ ಪೂರ್ವಿಕರು ಇದರಲ್ಲಿ ಉದಾಸೀನರಾಗಿರಲಿಲ್ಲ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಲಕ್ಷಣವನ್ನು ವಿವರಿಸಿ, 195 ದಿನಗಳ ತರುವಾಯ ಅದು ಪ್ರಸವವಾಗಿ ಮಳೆ ಸುರಿಯುವುದೆಂದು ಹೇಳಿರುವನು. ಕನ್ನಡದಲ್ಲಿಯೂ ಸುಮಾರು ಕ್ರಿ. ಶ. 1300ರಲ್ಲಿ ರಟ್ಟಕವಿಯು ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತು ‘ರಟ್ಟಮತ’ವೆಂಬ ಗ್ರಂಥವನ್ನೇ ರಚಿಸಿದನು. ರೈತನಾದರೋ ಎಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನ ಮಳೆಗಳನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಎಣಿಸುತ್ತ ಬಂದನು. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯ ಪ್ರಥಮ ಮುಖ್ಯಸ್ಥನಾದ ಬ್ಲ್ಯಾನ್‌ಫರ್ಡನು ಸಹ ಹಿಮಾಲಯದ ಹಿಮದ ಪ್ರಮಾಣವನ್ನು ನೋಡಿ 1886ರಲ್ಲಿ ಮುಂಗಾರಿನ ಭವಿಷ್ಯವನ್ನು ಪ್ರಕಟಿಸಿದನು. ಇವೆಲ್ಲವೂ ದೀರ್ಘಕಾಲದ ಗಣನೆಗಳು.

ಸಿಡಿಲಮೋಡದ ಆಯುಷ್ಯವಾದರೋ ಒಂದು ತಾಸಿನ ಆಸುಪಾಸು. ಬಿಸಿಲಿಗೆ ಕಾದ ನೆಲದ ಗಾಳಿಯು ಸಮುದ್ರದಿಂದ ಬಂದ ತೇವವನ್ನು ಹೊತ್ತು ಮೇಲೇರುವುದು. ಮೇಲಿನ ಗಾಳಿ ಹೆಚ್ಚು ತಂಪಾಗಿದ್ದಷ್ಟೂ ಏರಿಕೆಯು ಬಲಗೊಳ್ಳುವುದು. ಮೋಡದೊಳಗಣ ಹಿಮಕಣಗಳು ಒಂದನ್ನೊಂದು ತಾಕಿ ವಿದ್ಯುತ್ತು ಸಂಚಯವಾಗುವುದು. ಇಂಥ ಸನ್ನಿವೇಶವು ಒಂದು ಸೀಮೆಯಲ್ಲಿ ಕೂಡಿಬರುವುದೆಂದು ಹಿಂದಿನ ದಿನವೇ ಹೇಳಬಹುದು. ಯಾವ ಊರಿನ ಮೇಲೆ ಎರಗುವುದೆಂದು ಹೇಳಲಾಗದು. ಆದಕಾರಣ ಇಲಾಖೆಯು ನಿಶ್ಚಯವನ್ನು ನುಡಿಯದೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಅಪಾಯದ ತಾರತಮ್ಯವನ್ನು ಸೂಚಿಸುವುದು. ಮೋಡ ಮೂಡಿದ ಮೇಲೆ ರಾಡಾರು ಅದರ ಹಾದಿಯನ್ನು ಹಿಡಿಯುವುದು. ಪುಣೆಯಲ್ಲಿ 1962ರಲ್ಲಿ ಸ್ಥಾಪಿತವಾದ ಉಷ್ಣವಲಯ ಹವಾಮಾನ ಸಂಶೋಧನ ಸಂಸ್ಥೆಯವರ ‘ದಾಮಿನಿ’ಯು 20 ಮತ್ತು 40 ಕಿಲೋಮೀಟರುಗಳ ವೃತ್ತದಲ್ಲಿ ಬಿದ್ದ ಸಿಡಿಲುಗಳನ್ನು ಮೊಬೈಲಿನಲ್ಲಿ ತೋರಿಸುವುದು.

ಹೀಗೆ 195 ದಿನಗಳ ಗಣನೆಯು ನಿಮಿಷಗಳಿಗೆ ಇಳಿದಿದೆ. ಆದರೆ ಒಣದ್ರಾಕ್ಷಿಯನ್ನು ಮುಚ್ಚುವವನಿಗೂ ಬೇವಿನಡಿ ನಿಂತ ಕುರಿಗಾಹಿಗೂ ಆ ನಿಮಿಷಗಳು ಒದಗಬೇಕಾದರೆ ಸುದ್ದಿಯು ಹೊಲವನ್ನು ಮುಟ್ಟಬೇಕು. ಅದು ಮುಟ್ಟದಲ್ಲಿ ಗುಡುಗೇ ಎಚ್ಚರಿಕೆಯ ಗಂಟೆ. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇರುವುದೆಂದು ತಿಳಿದು, ಮರದಡಿಯನ್ನು ಬಿಟ್ಟು ಗಟ್ಟಿಯಾದ ಮನೆಯನ್ನು ಸೇರತಕ್ಕದ್ದು. ಸಾಧನಗಳು ಬದಲಾಗಿವೆ, ಲಕ್ಷಣವನ್ನರಿತು ತತ್‌ಕ್ಷಣವೇ ನಡೆಯುವ ವಿವೇಕವು ಮಾತ್ರ ಅಂದಿನಂತೆ ಇಂದಿಗೂ ಬೇಕಾದುದೇ ಆಗಿದೆ.